ಕಾಲು ಪಾಲಿನ ಯಜಮಾನ

ಒಂದೇ ಹಣ್ಣನ್ನು ಎರಡು ಸಲ ಹಿಂಡುವುದು ನ್ಯಾಯವೇ? ಕಂಪನಿಯ ಲಾಭಕ್ಕೆ ಕಂಪನಿ ತೆರಿಗೆ ಕಟ್ಟುತ್ತದೆ. ಉಳಿದದ್ದು ಡಿವಿಡೆಂಡ್ ಎಂಬ ಹೆಸರು ಹೊತ್ತು ನನ್ನ ಜೇಬಿಗೆ ಬರುವಾಗ ಸರ್ಕಾರ ಬಾಗಿಲಲ್ಲಿ ನಿಂತು ಮತ್ತೆ ಕೈಚಾಚುತ್ತದೆ. ಇದನ್ನು ನಾನು ವರ್ಷಗಟ್ಟಲೆ ಪ್ರತಿದಿನ ಊಟದ ಹೊತ್ತಿನಲ್ಲಿ ಹೇಳಿದ್ದೇನೆ. ನನ್ನ ಪಾಲುದಾರ ಪ್ರತಿದಿನ ಅಲ್ಲಗಳೆದಿದ್ದಾನೆ.

ನಮ್ಮದು ಆಫೀಸು ಕುರ್ಚಿಗಳನ್ನು ರಿಪೇರಿ ಮಾಡುವ ಕಂಪನಿ. (ಕಂಪನಿ ಎಂದರೆ ಒಂದು ಶೆಡ್ಡು, ಇಬ್ಬರು ಕೆಲಸಗಾರರು, ಇಬ್ಬರು ನಿರ್ದೇಶಕರು. ನಿರ್ದೇಶಕರು ಕೂರುವುದು ಸ್ಟೂಲಿನ ಮೇಲೆ. ಒಳ್ಳೆಯ ಕುರ್ಚಿಗಳೆಲ್ಲ ಗಿರಾಕಿಗಳವು.) ಪಾಲುದಾರನನ್ನು ಎಲ್ಲರೂ ಸ್ಕ್ರೂ ಎಂದೇ ಕರೆಯುತ್ತಿದ್ದರು. ಕೆಲಸ ಮಾಡುವಾಗ ತುಟಿಗಳ ನಡುವೆ ಸ್ಕ್ರೂಗಳನ್ನು ಕಚ್ಚಿಕೊಂಡಿರುತ್ತಿದ್ದ. ಅವನ್ನು ಹೊರಗೆ ತೆಗೆಯುತ್ತಿದ್ದುದು ಊಟ ಮಾಡಲು ಮತ್ತು ನನ್ನನ್ನು ವಿರೋಧಿಸಲು. ದುಡಿಮೆಗೆ ತೆರಿಗೆ ಇದ್ದ ಮೇಲೆ ಪಾಲಿಗೂ ಇರಬೇಕು ಎಂಬುದು ಅವನ ಸಿದ್ಧಾಂತ.

ಒಂದು ಚಳಿಗಾಲದಲ್ಲಿ ಅವನು ತೀರಿಕೊಂಡ. ಆಮೇಲೆ ಊಟದ ಹೊತ್ತಿನಲ್ಲಿ ನಾನು ಹೇಳಿದ್ದೇ ಸರಿ ಎಂದಾಯಿತು. ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು.

ಎದುರಾಳಿ ಬೇಕೆಂದು ವಾದವನ್ನು ಮನೆಗೆ ತಂದೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು.

“ನನ್ನ ಸಂಬಳ ನನ್ನ ಕಣ್ಣಿಗೆ ಬೀಳೋ ಮುಂಚೆನೇ ಕತ್ತರಿಸಿರ್ತಾರೆ,” ಎಂದಳು. “ನಾನೇನಾದ್ರೂ ಭಾಷಣ ಮಾಡ್ತೀನಾ?”

ಅವಳ ಮಾತಿನಲ್ಲಿ ಹುರುಳಿತ್ತು. ಏಕೆಂದರೆ ಲೆಕ್ಕಿಗರ ಸಲಹೆಯಂತೆ ನಾನೂ ಸ್ಕ್ರೂವೂ ಸಂಬಳವೆಂದು ಚಿಟಿಕೆಯಷ್ಟು ತೆಗೆದುಕೊಂಡು ಉಳಿದದ್ದನ್ನು ಡಿವಿಡೆಂಡ್ ಆಗಿ ಪಡೆಯುತ್ತಿದ್ದೆವು. ಅದರ ತೆರಿಗೆ ಸಂಬಳದ ತೆರಿಗೆಗಿಂತ ಹಗುರ. ಇನ್ನಷ್ಟು ಹಗುರಾಗಲಿ ಎಂದು ಇಬ್ಬರೂ ನಮ್ಮ ಷೇರುಗಳಲ್ಲಿ ಅರ್ಧವನ್ನು ಹೆಂಡತಿಯರ ಹೆಸರಿಗೆ ಬರೆದಿದ್ದೆವು. ಹೀಗೆ ನಾಲ್ವರಿಗೂ ಕಾಲು ಕಾಲು ಪಾಲು. (ಸ್ಕ್ರೂ ವಾದದಲ್ಲಿ ಸರ್ಕಾರದ ಕಡೆ, ಸಹಿ ಹಾಕುವಾಗ ನನ್ನ ಕಡೆ.) ಈಗ ಅವನ ಪಾಲೂ ಅವನ ಹೆಂಡತಿಗೆ ಸೇರಿತ್ತು.

ಹಿಂದೆಲ್ಲ ನಮ್ಮ ವಾರ್ಷಿಕ ಮಹಾಸಭೆ ಶೆಡ್ಡಿನಲ್ಲಿ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಆ ವರ್ಷ ಷೇರುದಾರರೆಲ್ಲ ಸೇರಲೇಬೇಕೆಂದು ಲೆಕ್ಕಿಗರು ಪಟ್ಟು ಹಿಡಿದರು. ಭಾನುವಾರ ನಮ್ಮ ಮನೆಯ ಊಟದ ಮೇಜಿನ ಸುತ್ತ ನನ್ನ ಹೆಂಡತಿ, ಸ್ಕ್ರೂನ ಹೆಂಡತಿ (ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ) ಮತ್ತು ಇಸ್ತ್ರಿ ಮಾಡಿದ ಅಂಗಿಯಲ್ಲಿ ನಾನು ಆಸೀನರಾದೆವು. ಅದೇ ಸಂಬಳ, ಅದೇ ಡಿವಿಡೆಂಡ್ ಎಂಬುದು ನನ್ನ ಮಂಡನೆ. ಪೀಠಿಕೆಯಾಗಿ ತೆರಿಗೆಯ ಅನ್ಯಾಯದ ಬಗ್ಗೆ ದೀರ್ಘವಾಗಿ ಮಾತಾಡಿದೆ.

ಅತ್ತಿಗೆ ಕೊನೆಯವರೆಗೂ ಕೇಳಿಸಿಕೊಂಡರು. “ಅವರ ಪಿಂಚಣಿ ಮಂಜೂರಾಯ್ತು,” ಎಂದರು ಮೆಲ್ಲಗೆ. “ಕಾಗದದ ಮೇಲಿನ ಸಂಬಳ ನೋಡಿ ಲೆಕ್ಕ ಹಾಕಿದಾರೆ. ಆ ಆಫೀಸಿನಲ್ಲಿ ಕೇಳಿದ್ರು, ನಿಮ್ಮ ಯಜಮಾನರು ಅಲ್ಲಿ ಕಸ ಗುಡಿಸ್ತಿದ್ರಾ ಅಂತ.”

ಗ್ಯಾಸು ಹೋದ ಕುರ್ಚಿಯಂತೆ ನಾನು ನಿಧಾನವಾಗಿ ಕೆಳಗಿಳಿದೆ. ನಮ್ಮಿಬ್ಬರಲ್ಲಿ ಒಬ್ಬ ಸಾಯಬಹುದೆಂಬ ಸಂಗತಿ ಲೆಕ್ಕಿಗರ ಸಲಹೆಯಲ್ಲಿ ಇರಲಿಲ್ಲ. ನಾವು ಉಳಿಸಿದ ತೆರಿಗೆಯನ್ನೆಲ್ಲ ಈಗ ಅತ್ತಿಗೆ ಕಟ್ಟುತ್ತಿದ್ದರು.

“ಹಾಗಾದ್ರೆ ಇವರಿಗೆ ಪೂರ್ತಿ ಸಂಬಳ ಕೊಡೋಣ,” ಎಂದಳು ನನ್ನ ಹೆಂಡತಿ, ನನ್ನತ್ತ ಕೈ ತೋರಿಸಿ. “ತೆರಿಗೆ, ಪಿಂಚಣಿ ಎಲ್ಲ ಹಿಡಿದು. ನಾಳೆ ಇವರಿಗೇನಾದ್ರೂ ಆದ್ರೆ ನಾನು ಇವರಿಗೆ ಅಳಬೇಕೋ, ಬರೋ ಪುಡಿಗಾಸಿಗೆ ಅಳಬೇಕೋ?”

ಇನ್ನೂ ಜೀವಂತವಿದ್ದ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

“ಪಾಲು ಇಟ್ಕೊಂಡು ಮನೇಲಿ ಕೂರೋಕೆ ನನ್ನಿಂದ ಆಗಲ್ಲ,” ಎಂದರು ಅತ್ತಿಗೆ. “ನಾನೂ ಸಂಬಳಕ್ಕೆ ಬರ್ತೀನಿ. ಗಿರಾಕಿಗಳ ಹತ್ರ ಬಾಕಿ ಕೇಳೋದು ನಿಮ್ಮಿಬ್ಬರಿಗೂ ಯಾವತ್ತೂ ಬರಲಿಲ್ಲ.”

ಮತಕ್ಕೆ ಹಾಕಿದರು. ಮುಕ್ಕಾಲು ಪಾಲು ಆ ಕಡೆ, ಕಾಲು ಪಾಲು ಈ ಕಡೆ. ತೆರಿಗೆ ತಪ್ಪಿಸಲು ನಾನೇ ಕೈಯಾರೆ ಕೊಟ್ಟ ಷೇರು ನನ್ನ ಕಣ್ಣೆದುರೇ ಕೈಯೆತ್ತಿತು. ಸೋಮವಾರದಿಂದ ಅತ್ತಿಗೆ ಮ್ಯಾನೇಜರು, ನಾನು ನೌಕರ.

ವರ್ಷ ಮುಗಿದು, ಎಲ್ಲರ ಸಂಬಳ ಕಳೆದು ಉಳಿದ ಒಂದಿಷ್ಟು ಲಾಭವನ್ನು ಹಂಚಿದರು. ಮೊದಲ ಸಲ ಹೆಂಡತಿಯ ಪಾಲು ನೇರವಾಗಿ ಅವಳ ಖಾತೆಗೆ ಹೋಯಿತು. ಅದರ ತೆರಿಗೆಯನ್ನು ಕಟ್ಟಿದ ದಿನ ಅವಳು ನರ್ಸಿನ ಬಟ್ಟೆಯಲ್ಲೇ ಶೆಡ್ಡಿಗೆ ನುಗ್ಗಿದಳು. ನಾನು ಊಟಕ್ಕೆ ಕೂತಿದ್ದೆ.

“ಕಂಪನಿ ಒಂದ್ಸಲ ಕಟ್ಟಿದೆಯಲ್ಲ, ಮತ್ತೆ ನನ್ನ ಹತ್ರ ಯಾಕೆ ಕೀಳ್ತಾರೆ? ಇದ್ಯಾವ ನ್ಯಾಯ ರೀ?”

“ತಿಂಗಳಿಡೀ ಬೆನ್ನು ಬಗ್ಗಿಸಿದ ನನ್ನ ಸಂಬಳಕ್ಕೆ ಇದಕ್ಕಿಂತ ದೊಡ್ಡ ಕತ್ತರಿ ಬಿದ್ದಿದೆ,” ಎಂದೆ. “ನಿನ್ನ ಪಾಲೇನು ಆಕಾಶದಿಂದ ಉದುರಿದ್ದಾ?”

ಮಾತು ನನ್ನ ಬಾಯಿಂದ ಬಂದಿತ್ತು, ಆದರೆ ನನ್ನದಾಗಿರಲಿಲ್ಲ. ಅವಳು ನನ್ನ ಹಳೆಯ ವಾದಗಳನ್ನೆಲ್ಲ ನನಗಿಂತ ಚೆನ್ನಾಗಿ ಮಂಡಿಸಿದಳು. ನಾನು ಒಂದೊಂದಕ್ಕೂ ಸ್ಕ್ರೂನ ಉತ್ತರ ಕೊಡುತ್ತ ಹೋದೆ. ಎಂಥ ಗಟ್ಟಿ ಉತ್ತರಗಳು! ಅವನು ಬದುಕಿದ್ದಾಗ ಒಂದನ್ನೂ ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಅವನು ಹೋದ ಮೇಲೆ ಮೊದಲ ಸಲ ನನ್ನ ಊಟದ ಡಬ್ಬಿ ಪೂರ್ತಿ ಖಾಲಿಯಾಯಿತು.

ಅತ್ತಿಗೆ ತಮ್ಮ ಮೇಜಿನ ಹಿಂದೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಂಡು ಗಡಿಯಾರ ನೋಡಿದರು.

“ಊಟದ ಹೊತ್ತು ಮುಗಿದು ಅರ್ಧ ಗಂಟೆ ಆಯ್ತು. ಅಷ್ಟನ್ನ ಸಂಬಳದಲ್ಲಿ ಹಿಡೀತೀನಿ.”

ಹಿಡಿದರು. ಹಿಡಿದದ್ದು ಕಂಪನಿಯ ಲಾಭಕ್ಕೆ ಸೇರಿತು. ಕಂಪನಿ ಅದಕ್ಕೆ ತೆರಿಗೆ ಕಟ್ಟಿತು. ಉಳಿದದ್ದರಲ್ಲಿ ಮುಕ್ಕಾಲು ಪಾಲು ಆ ಇಬ್ಬರು ಹೆಂಗಸರಿಗೆ ಹೋಯಿತು. ನನ್ನ ಕಾಲು ಪಾಲಿಗೆ ನಾನು ತೆರಿಗೆ ಕಟ್ಟಿದೆ, ಮರುಮಾತಿಲ್ಲದೆ.