ಡಬ್ಬಿ ತಂದ ಮುತ್ತೈದೆ

ಶ್ರಾವಣ ಬಂತೆಂದರೆ ಪುಣೆಯ ಬಿಬವೇವಾಡಿಯ ಕನ್ನಡದ ಮನೆಗಳಲ್ಲಿ ನನಗೆ ಎಂಥ ಬೇಡಿಕೆ ಇತ್ತು ಅಂತೀರಿ! ಶುಕ್ರವಾರದ ಲಕ್ಷ್ಮೀಪೂಜೆಗೆ ಊಟಕ್ಕೆ ಮುತ್ತೈದೆ ಬೇಕಲ್ಲ? ಅರವತ್ತು ದಾಟಿದ, ಧಾರವಾಡದ ಕಡೆಯ, ಗಂಡ ಗಟ್ಟಿಮುಟ್ಟಾಗಿರುವ, ಮೇಲಾಗಿ ಬಡಿಸಿದ್ದನ್ನು ಬೇಡವೆನ್ನದ ಮುತ್ತೈದೆ ಈ ಊರಲ್ಲಿ ಎಷ್ಟು ಮಂದಿ ಸಿಕ್ಕಾರು? (ಗಂಡ ಗಟ್ಟಿಯಾಗಿರುವುದು ನನ್ನ ಅಡುಗೆಯಿಂದ. ಯೋಗಾಸನದಿಂದ ಎಂದು ಅವರ ವಾದ. ಶವಾಸನ ಬಿಟ್ಟು ಇನ್ನೊಂದು ಹಾಕಿದ್ದನ್ನು ನಾನು ಕಂಡಿಲ್ಲ.) ಅದರಲ್ಲೂ ಗೆಳತಿ ಪಂಕಜಾಕ್ಷಿಯ ಮನೆಯ ಮೊದಲ ಎಲೆ ಮದುವೆಯಾಗಿ ಈ ಊರಿಗೆ ಬಂದಾಗಿನಿಂದಲೂ ನನ್ನದೇ. ಆ ಎಲೆಯನ್ನು ನಾನು ಕೈಯಾರೆ ಕಳೆದುಕೊಂಡೆ.

ಶುರುವಾದದ್ದು ಮೊಣಕಾಲಿನಿಂದ. "ಆಜಿ, ವಜನ್ ಕಮೀ ಕರಾ" ಎಂದರು ಡಾಕ್ಟರು. ತೂಕ ಇಳಿಸಬೇಕಂತೆ. ಅದೂ ಆಜಿ, ಅಂದರೆ ಅಜ್ಜಿಯಂತೆ! ಮೊಣಕಾಲಿಗಿಂತ ಆ ಮಾತೇ ಹೆಚ್ಚು ನೋಯಿತು. ಸಿಟ್ಟಿನಲ್ಲೇ ಸಕ್ಕರೆ ಬಿಟ್ಟೆ, ಅನ್ನ ಬಿಟ್ಟೆ, ಬೆಳಿಗ್ಗೆ ಎದ್ದು ನಡೆದೆ. ವರ್ಷದಲ್ಲಿ ಒಂಬತ್ತು ಕಿಲೋ ಇಳಿಯಿತು! ಮಾರ್ಕೆಟ್ ಯಾರ್ಡಿನಿಂದ ಅಷ್ಟು ಬಟಾಟೆ ಹೊತ್ತು ತಂದು ನೋಡಿ, ಗೊತ್ತಾಗುತ್ತದೆ. ಆದರೆ ಇಳಿಸುವುದು ಸುಲಭ; ಇಳಿದದ್ದು ಮತ್ತೆ ಏರದಂತೆ ಕಾಯುವುದೇ ಘೋರ ತಪಸ್ಸು. ಹೋಳಿಗೆಯ ವಾಸನೆಗೇ ಅರ್ಧ ಕಿಲೋ ಏರುವ ದೇಹ ನನ್ನದು.

ಹಾಗಾಗಿ ಹೋದ ಶ್ರಾವಣದಲ್ಲಿ ಪಂಕಜಾಕ್ಷಿಯ ಮನೆಗೆ ಹೊರಟಾಗ ಚೀಲದಲ್ಲಿ ಒಂದು ಡಬ್ಬಿ ಇಟ್ಟುಕೊಂಡೆ.

"ಅದೇನ ಅದು?" ಎಂದರು ಇವರು.

"ಕುದಿಸಿದ ಮಡಕಿಕಾಳು."

"ದೇವಿ ಊಟಕ್ಕ ಡಬ್ಬಿ ಒಯ್ತಾರೇನ?"

"ನಿಮಗ ತಿಳ್ಯಂಗಿಲ್ಲ. ಸುಮ್ಮನ ಕೂಡ್ರಿ."

ಕೂತರು. (ಕೂಡುವುದರಲ್ಲಿ ಅವರು ನಿಪುಣರು.)

ಪಂಕಜಾಕ್ಷಿ ನನ್ನ ಕಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಎಲೆಗೆ ಬಿಸಿ ಹೋಳಿಗೆ ತಂದಳು. ನಾನು ಎರಡೂ ಕೈ ಅಡ್ಡ ಹಿಡಿದೆ. ಸಾಲದ್ದಕ್ಕೆ, ಬೆಲ್ಲ ತುಪ್ಪಗಳ ಮೇಲೆ ಒಂದು ಉಪನ್ಯಾಸ ಕೊಟ್ಟು, ಎಲ್ಲರೆದುರು ಡಬ್ಬಿಯ ಮುಚ್ಚಳ ತೆಗೆದೆ.

ಅವಳ ಕಣ್ಣಲ್ಲಿ ನೀರು. "ಅಲ್ಲs ಇಂದೂ, ಸಾಕ್ಷಾತ್ ಲಕ್ಷ್ಮೀನ ಮನಿಗೆ ಬಂದು ತನ್ನ ಡಬ್ಬಿ ತಗದ್ರ ನಾ ಏನ ಮಾಡ್ಲಿ?"

ನಾನು ನಕ್ಕುಬಿಟ್ಟೆ. ಎಂಥ ದುರ್ಬುದ್ಧಿ!

ಈ ವರ್ಷವೂ ತೂಕ ಅಲ್ಲಾಡಿಲ್ಲ, ಫೋನೂ ಅಲ್ಲಾಡಲಿಲ್ಲ. ಎರಡು ಶುಕ್ರವಾರ ಹಾಗೇ ಹೋದವು. ಮೂರನೆಯದರ ಹಿಂದಿನ ದಿನ ಕೊನೆಗೂ ಪಂಕಜಾಕ್ಷಿಯ ಫೋನು ಬಂತು.

"ಇಂದೂ, ನಾಳೆ ಏನರ ಕೆಲಸ ಅದ ಏನ?"

"ಏನೂ ಇಲ್ಲವಾ, ಏನೂ ಇಲ್ಲ!" ರೇಷ್ಮೆ ಸೀರೆ ಯಾವುದೆಂದು ಮನಸ್ಸಿನಲ್ಲೇ ಆರಿಸಿಯೂ ಬಿಟ್ಟಿದ್ದೆ.

"ಭಾಳ ಛಲೋ ಆತು. ಹಂಗಾರ ನೀ ಮನ್ಯಾಗ ಮೊಮ್ಮಗನ್ನ ನೋಡ್ಕೋ, ನಿಮ್ಮ ಸೊಸೀನ ಮುತ್ತೈದಿ ಅಂತ ಕಳಸು."

"ಶರ್ವರಿನ್ನ? ಆಕಿ ಮರಾಠಿ ಹುಡುಗಿ, ನಮ್ಮ ಪದ್ಧತಿ ಏನೂ ಗೊತ್ತಿಲ್ಲ!"

"ಗೊತ್ತಿಲ್ಲಂದ್ರೂ ನಡೀತದ. ಉಣತಾಳಲ್ಲ?"

ಉಣ್ಣುತ್ತಾಳೆ, ಮಹಾತಾಯಿ. ಎಷ್ಟು ಉಂಡರೂ ಕಡ್ಡಿಯ ಹಾಗೆಯೇ ಇದ್ದಾಳೆ. ಮರುದಿನ ನನ್ನ ಕೈಯಾರೆ ಅವಳಿಗೆ ನಿರಿಗೆ ಹಿಡಿದು ಕಳಿಸಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಉಡಿ ತುಂಬಿಸಿಕೊಂಡು ಬಂದವಳು ಸೋಫಾದ ಮೇಲೆ ಅಡ್ಡಾದಳು. "ಆಯಿ, ಐದು ಹೋಳಿಗೆ! ಆದರ ಪಂಕಜಾ ಮಾವಶಿ ಖುಷಿ ಇರಲಿಲ್ಲ. ಹೋಳಿಗಿ ಹೆಂಗಾಗ್ಯಾವ ಅಂತ ಕೇಳಿದ್ರು, ಮಸ್ತ್ ಅಂದೆ. 'ನಿಮ್ಮ ಅತ್ತಿ ಆಗಿದ್ರ ಹೂರಣಕ್ಕ ಯಾಲಕ್ಕಿ ಕಡಿಮಿ ಅಂತ ನನ್ನ ಬೈತಿದ್ಲು' ಅಂದು ಸೆರಗಿಲೆ ಕಣ್ಣು ವರಸಿಕೊಂಡ್ರು."

ಆ ಒಂಬತ್ತು ಕಿಲೋದಲ್ಲಿ ಪಂಕಜಾಕ್ಷಿಯೂ ಇಳಿದುಹೋದಳಲ್ಲ ಎಂದು ಸಂಕಟವಾಯಿತು. ಕೂಡಲೇ ಫೋನು ಹಚ್ಚಿದೆ. ತಪ್ಪಾಯಿತು ಎನ್ನಬೇಕೆಂದೇ ಇದ್ದೆ. ಹಾಳು ನಾಲಿಗೆ, ತನ್ನ ಹಳೆಯ ಚಾಳಿಯಲ್ಲೇ ಹೊರಟಿತು.

"ಏನs ಪಂಕಜಾ, ಈ ಸಲಾನೂ ಯಾಲಕ್ಕಿ ಕಡಿಮಿ ಹಾಕೀಯಂತಲ್ಲ?"

ಆ ಕಡೆಯಿಂದ ಅವಳು ಮೆಲ್ಲಗೆ ಅಂದಳು:

"ಉಂಡವರು ಹೇಳ್ಲಿ, ಇಂದೂ."