ತಕ್ಕಡಿ ಸಾಹೇಬರು ಅಪ್‌ಗ್ರೇಡ್ ತೂಗಿದ್ದು

“ಮೋಸ ಹೋಗೋನು ಈ ಅನ್ಸೆಲ್ಮೊ ಅಲ್ಲ!”

ಊಟದ ಮೇಜಿನ ಮುಂದೆ ಎದ್ದು ನಿಂತು ಅನ್ಸೆಲ್ಮೊ ಇತುರ್ರಾಲ್ದೆ ಹೀಗೆ ಘೋಷಿಸಿದಾಗ ಕೇಳಲು ಇದ್ದವಳು ಹೆಂಡತಿ ದೆಲ್ಮೀರಾ ಒಬ್ಬಳೇ. ಅವಳು ತಲೆ ಎತ್ತದೆ ‘ಮಾತೆ’ ಎಂಬ ಎಲೆಗಷಾಯದ ಸೋರೆಬುರುಡೆಗೆ ಬಿಸಿನೀರು ಬಗ್ಗಿಸಿ ಹೀರುಗೊಳವೆಯನ್ನು ಬಾಯಿಗಿಟ್ಟುಕೊಂಡಳು. ನಲವತ್ತೈದು ವರ್ಷದ ಸಂಸಾರದಲ್ಲಿ ಇಂಥ ಘೋಷಣೆಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು.

ಅನ್ಸೆಲ್ಮೊ ಸಾಮಾನ್ಯ ಮನುಷ್ಯನಲ್ಲ. ಮೂವತ್ತನಾಲ್ಕು ವರ್ಷ ಉರುಗ್ವಾಯ್ ದೇಶದ ಸಾಲ್ತೊ ಪಟ್ಟಣದಲ್ಲಿ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವನು. ಅವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಕಿತ್ತಳೆ ಮಾರುವವರು ತಕ್ಕಡಿಯ ತಟ್ಟೆ ಒರೆಸುತ್ತಿದ್ದರು, ಮಾಂಸದ ಅಂಗಡಿಯವರು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದರು. ನಲವತ್ತು ಗ್ರಾಂ ವ್ಯತ್ಯಾಸಕ್ಕೆ ಒಂದು ಅಂಗಡಿಯನ್ನು ಮೂರು ದಿನ ಮುಚ್ಚಿಸಿದ್ದ! ನಿವೃತ್ತಿಯಾಗಿ ಹತ್ತು ವರ್ಷ ಕಳೆದರೂ ಊರಿಗೆ ಅವನು ‘ತಕ್ಕಡಿ ಸಾಹೇಬ’ನೇ.

ಈಗ ಅವನ ಮುಂದೆ ಬಂದಿದ್ದು ತಟ್ಟೆಯಲ್ಲಿಟ್ಟು ತೂಗಲಾಗದ ವಸ್ತು. ಮನೆಯ ಹಳೆಯ ಕಂಪ್ಯೂಟರಿನೊಳಗೆ ಕೂತು ಎಲ್ಲವನ್ನೂ ನಡೆಸುತ್ತಿದ್ದ ಆಪರೇಟಿಂಗ್ ಸಿಸ್ಟಂ, ಅಟ್ಲಾಸ್ ಒಂಬತ್ತು, ಅಕ್ಟೋಬರಿಗೆ ತನ್ನ ಕಾಲ ಮುಗಿಯಿತೆಂದು ಪರದೆಯ ಮೂಲೆಯಲ್ಲಿ ದಿನಾ ಬೆಳಿಗ್ಗೆ ಸಾರತೊಡಗಿತ್ತು. ದುಡ್ಡು ಕೊಟ್ಟರೆ ಅಟ್ಲಾಸ್ ಹನ್ನೆರಡಕ್ಕೆ ಏರಬಹುದು. ಅಥವಾ, ದೆಲ್ಮೀರಾಳ ತಮ್ಮ ವಾಷಿಂಗ್ಟನ್ ಹೇಳುವಂತೆ, ಕಾಸಿಲ್ಲದೆ ಸಿಗುವ ಕಲಾಂಡ್ರಿಯಾ ಎಂಬ ಬೇರೆ ಸಿಸ್ಟಂ ಹಾಕಿಕೊಳ್ಳಬಹುದು.

“ಭಾವ, ಕಲಾಂಡ್ರಿಯಾ ಬಿಟ್ಟಿ ಸಿಗುತ್ತೆ, ಹಗುರ, ಚುರುಕು. ಯೋಚನೆ ಮಾಡೋಕೆ ಏನಿದೆ ಇದರಲ್ಲಿ?” ಎಂದ ವಾಷಿಂಗ್ಟನ್. ಅವನು ಬಸ್ ಚಾಲಕ. ಆದರೂ ಕಂಪ್ಯೂಟರಿನ ವಿಷಯದಲ್ಲಿ ಬಲ್ಲವನು.

“ಬಿಟ್ಟಿ ಅನ್ನೋದು ಬೆಲೆ ಕಣಯ್ಯಾ, ಮೌಲ್ಯ ಅಲ್ಲ. ಎರಡನ್ನೂ ತೂಗಬೇಕು. ಒಂದೇ ತಕ್ಕಡೀಲಿ!”

“ತೂಗಿ ಆದ್ಮೇಲೆ ಹೇಳಿ. ನಾನು ಅಷ್ಟೊತ್ತಿಗೆ ಪಿಂಚಣಿ ತಗೊಳ್ತಿರ್ತೀನಿ.”

ಮೂರು ತಿಂಗಳು ತೂಕ ನಡೆಯಿತು. ಅನ್ಸೆಲ್ಮೊ ಒಂದು ಪಟ್ಟಿ ಮಾಡಿದ. ಅದಕ್ಕೆ ಮೂವತ್ತೇಳು ಅಂಕಣ. ಎದ್ದು ಕೂರಲು ಎಷ್ಟು ಸೆಕೆಂಡು, ಮಲಗಲು ಎಷ್ಟು ಸೆಕೆಂಡು, ಫ್ಯಾನಿನ ಸದ್ದು, ಅಕ್ಷರದ ಅಂದ, ಕಣ್ಣುರಿ, ‘ಒಟ್ಟಾರೆ ಸಭ್ಯತೆ’ ಎಂಬುದಕ್ಕೂ ಐದು ಅಂಕ. ಅಟ್ಲಾಸ್ ಹನ್ನೆರಡನ್ನು ಪರೀಕ್ಷಿಸಲು ಪ್ಲಾಜಾ ಪಕ್ಕದ ಕಂಪ್ಯೂಟರ್ ಅಂಗಡಿಗೆ ವಾರಕ್ಕೆರಡು ಸಲ ಹೋದ. ಕೈಯಲ್ಲಿ ಗಡಿಯಾರ, ಜೇಬಿನಲ್ಲಿ ಹೆಂಡತಿ ಹಾಲಿನ ಸಿಹಿ ಕಾಯಿಸುವಾಗ ಅದ್ದುವ ಥರ್ಮಾಮೀಟರು. ಪ್ರದರ್ಶನಕ್ಕಿಟ್ಟ ಯಂತ್ರದ ಬೆನ್ನಿಗೆ ಅದನ್ನು ಒತ್ತಿ ಹಿಡಿದು ನಿಂತಾಗ ಅಂಗಡಿಯ ಹುಡುಗಿ ಮೆಲ್ಲಗೆ ಹೇಳಿದಳು:

“ದೋನ್ ಅನ್ಸೆಲ್ಮೊ, ಅದು ಕಂಪ್ಯೂಟರು. ಜ್ವರ ಬಂದ ಮಗು ಅಲ್ಲ.”

“ಮೂವತ್ತೊಂಬತ್ತು ಡಿಗ್ರಿ ಇದೆಯಲ್ಲಮ್ಮಾ! ಮಗುವಾಗಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು!”

ಕಲಾಂಡ್ರಿಯಾದ ಪರೀಕ್ಷೆ ವಾಷಿಂಗ್ಟನ್ ಮನೆಯಲ್ಲಿ. ಅಲ್ಲಿ ದೆಲ್ಮೀರಾಳನ್ನು ಅಂಗಳದ ಕರೆಂಟ್ ಮೀಟರಿನ ಮುಂದೆ ನಿಲ್ಲಿಸಿದ.

“ಚಕ್ರ ಎಷ್ಟು ಸುತ್ತು ಹಾಕ್ತು?” ಒಳಗಿನಿಂದ ಕೂಗು.

“ಯಾವ ಚಕ್ರ? ನನ್ನ ತಲೆ ಸುತ್ತುತಾ ಇದೆ, ಅದನ್ನ ಬರ್ಕೋ!”

“ಶಿಸ್ತಿರಲಿ, ಮುದ್ಕೀ!”

“ಮೂರು ತಿಂಗಳು ತೂಕ ಮಾಡಿದ್ದು ಸಾಕು, ಮನೆಗೆ ಹೋಗಿ ತೂಕಡಿಸು, ಮುದ್ಕ!”

ಕೊನೆಗೊಂದು ಭಾನುವಾರ ಅಂಕಗಳನ್ನು ಕೂಡಿಸಿದ. ಅಟ್ಲಾಸ್ ಹನ್ನೆರಡಕ್ಕೆ ನೂರಕ್ಕೆ ಎಪ್ಪತ್ತೊಂದು. ಕಲಾಂಡ್ರಿಯಾಕ್ಕೆ ಎಪ್ಪತ್ತೊಂದು. ಮತ್ತೆ ಕೂಡಿಸಿದ. ಎಪ್ಪತ್ತೊಂದಕ್ಕೆ ಎಪ್ಪತ್ತೊಂದು! ಮುಳ್ಳು ಕದಲಲಿಲ್ಲ. ಇಡೀ ಸೇವೆಯಲ್ಲಿ ಎರಡು ತಟ್ಟೆ ಹೀಗೆ ಸಮನಾಗಿ ನಿಂತಿದ್ದನ್ನು ಅವನು ಕಂಡಿರಲಿಲ್ಲ. ಹೆಮ್ಮೆಯಿಂದ ಅವನ ಕಣ್ಣು ತೇವವಾಯಿತು.

“ಹಾಗಾದ್ರೆ ನಾಣ್ಯ ಚಿಮ್ಮಿ,” ಎಂದ ವಾಷಿಂಗ್ಟನ್.

“ಇನ್ಸ್‌ಪೆಕ್ಟರ್ ನಾಣ್ಯ ಚಿಮ್ಮಲ್ಲ! ಎರಡನ್ನೂ ಹಾಕ್ತೀನಿ. ಡಿಸ್ಕ್ ಅರ್ಧ ಅವನಿಗೆ, ಅರ್ಧ ಇವನಿಗೆ. ಒಂದು ತಿಂಗಳು ಒಂದೇ ಮನೇಲಿ ಬಾಳ್ಲಿ. ಆಗ ಗೊತ್ತಾಗುತ್ತೆ ಯಾರು ಹೇಗೆ ಅಂತ.”

“ಮಾಡಬಹುದು. ಆದ್ರೆ ಬುಧವಾರ ನನಗೆ ರಜಾ, ಬಂದು ಮಾಡಿಕೊಡ್ತೀನಿ. ಅಲ್ಲೀವರೆಗೂ ಕೈ ಹಾಕಬೇಡಿ ಭಾವ, ದಮ್ಮಯ್ಯ.”

ಆ ಕಂಪ್ಯೂಟರಿನಲ್ಲಿ ಏನಿತ್ತೆಂದು ಈಗ ಹೇಳಬೇಕು.

ದೆಲ್ಮೀರಾ ಸೂಲಗಿತ್ತಿಯಾಗಿದ್ದಳು. ಪಟ್ಟಣದ ಅಂಚಿನ ಬೀದಿಗಳಲ್ಲಿ, ಹೊಲದ ಮನೆಗಳಲ್ಲಿ, ಒಮ್ಮೆ ದೋಣಿಯಲ್ಲಿ ಕೂಡ ಅವಳು ಹೆರಿಗೆ ಮಾಡಿಸಿದ್ದಳು. ಹುಟ್ಟಿದ ಪ್ರತಿ ಮಗುವಿಗೂ ನೋಟುಬುಕ್ಕಿನಲ್ಲಿ ಒಂದು ಸಾಲು: ಹೆಸರು, ತಾಯಿ, ದಿನ, ಗಂಟೆ, ತೂಕ, ಹೊರಗೆ ಮಳೆಯೋ ಬಿಸಿಲೋ. ಒಟ್ಟು ಸಾವಿರದ ಎಂಟುನೂರ ಅರವತ್ತೆರಡು ಸಾಲು. ಆ ಗಂಡಹೆಂಡಿರಿಗೆ ಮಕ್ಕಳಾಗಿರಲಿಲ್ಲ. ನೋಟುಬುಕ್ಕುಗಳನ್ನು ಅವಳು ‘ನನ್ನ ಮಕ್ಕಳು’ ಎನ್ನುತ್ತಿದ್ದಳು, ನಗುತ್ತಲೇ.

ಉರುಗ್ವಾಯ್ ನದಿ ಉಕ್ಕಿ ಮನೆಗೆ ನುಗ್ಗಿದ ವರ್ಷ ಆ ಪುಸ್ತಕಗಳು ಎರಡು ದಿನ ನೀರಿನಲ್ಲಿ ಮುಳುಗಿದ್ದವು. ಅವಳು ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟೆ ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿದಳು. ಶಾಯಿ ದಿನದಿಂದ ದಿನಕ್ಕೆ ಮಾಸುತ್ತಿತ್ತು. ಭೂತಗನ್ನಡಿ ಹಿಡಿದು, ಎರಡು ಬೆರಳಿನಲ್ಲಿ ಕುಟ್ಟಿ, ಎರಡು ವರ್ಷದಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದಳು. ಬೂಸ್ಟು ಹಿಡಿದ ಕಾಗದವನ್ನು ಆಮೇಲೆ ಹಿತ್ತಲಲ್ಲಿ ಸುಟ್ಟಳು.

ಮಂಗಳವಾರ ಮಧ್ಯಾಹ್ನ ಊಟವಾಯಿತು. ಬೀದಿಯೆಲ್ಲ ಬಾಗಿಲು ಮುಚ್ಚಿ ಮಲಗಿತ್ತು. ಅನ್ಸೆಲ್ಮೊ ಅಂಗಡಿಯಿಂದ ತಂದ ಅಟ್ಲಾಸನ್ನೂ, ವಾಷಿಂಗ್ಟನ್ ಪೆನ್ ಡ್ರೈವಿನಲ್ಲಿ ಕೊಟ್ಟಿದ್ದ ಕಲಾಂಡ್ರಿಯಾವನ್ನೂ ಮೇಜಿನ ಮೇಲೆ ಜೋಡಿಸಿಟ್ಟುಕೊಂಡು ಕೂತಿದ್ದ. ಮಲಗಲು ಹೊರಟ ದೆಲ್ಮೀರಾ ಬಾಗಿಲಲ್ಲಿ ನಿಂತಳು.

“ನನ್ನ ಮಕ್ಕಳನ್ನ ಕಾಪಿ ಮಾಡಿಟ್ಕೊಂಡ್ಯಾ?”

“ಮುಖ್ಯವಾದ್ದೆಲ್ಲ ಕಾಪಿ ಆಗಿದೆ!” ಎಂದ, ಕಚೇರಿಯ ದನಿಯಲ್ಲಿ.

ಸುಳ್ಳು ಹೇಳಿರಲಿಲ್ಲ. ಬೆಳಿಗ್ಗೆಯೇ ಒಂದು ಹೊಸ ಪೆನ್ ಡ್ರೈವಿಗೆ ಮೂವತ್ತೇಳು ಅಂಕಣದ ಪಟ್ಟಿಯನ್ನು ಇಳಿಸಿದ್ದ. ಎರಡು ಸಲ. ಬೇರೆ ಮುಖ್ಯವಾದದ್ದು ಆ ಗಳಿಗೆಯಲ್ಲಿ ಅವನಿಗೆ ಹೊಳೆದಿರಲಿಲ್ಲ.

ಅಟ್ಲಾಸನ್ನು ಮೊದಲು ಹಾಕಿದ. ಪರದೆ ಕೇಳಿತು: ‘ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?’ ಅಳಿಸಲಿ, ಹಳೆಯದು ಹೋಗದೆ ಹೊಸದು ಹೇಗೆ ಬರುತ್ತದೆ? ಹೌದು ಒತ್ತಿದ. ‘ಖಚಿತವೇ?’ ಹೌದು. ‘ಈ ಕ್ರಿಯೆಯನ್ನು ಹಿಂತೆಗೆದುಕೊಳ್ಳಲಾಗದು. ಖಚಿತವೇ?’

“ಒಂದ್ಸಲ ಹೌದು ಅಂದ್ಮೇಲೆ ಹೌದು!” ಎಂದು ಗದರಿದ. ಮೂವತ್ತನಾಲ್ಕು ವರ್ಷ ಎಚ್ಚರಿಕೆಯ ನೋಟಿಸುಗಳನ್ನು ಇತರರ ಕೈಗೆ ಕೊಟ್ಟವನು, ತನ್ನ ಕೈಗೆ ಬಂದ ಒಂದನ್ನೂ ಪೂರ್ತಿ ಓದಿದವನಲ್ಲ.

ಆಮೇಲೆ ಅರ್ಧ ಜಾಗಕ್ಕೆ ಕಲಾಂಡ್ರಿಯಾ. ನಾಲ್ಕು ಗಂಟೆಗೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದ್ದವು. ಅನ್ಸೆಲ್ಮೊ ಅಡುಗೆಮನೆಗೆ ಹೋಗಿ ತನಗೆ ತಾನೇ ಒಂದು ಗುಟುಕು ವೈನ್ ಬಗ್ಗಿಸಿಕೊಂಡ. ಮರಳಿ ಬಂದಾಗ ದೆಲ್ಮೀರಾ ಎದ್ದು ಬಂದು ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ನೀಲಿ ಆಕಾಶ, ಒಂದು ಹಕ್ಕಿ. ಬೇರೇನೂ ಇಲ್ಲ.

“ಎಲ್ಲಿ?” ಎಂದಳು.

“ಇರುತ್ತೆ. ಆ ಕಡೆ ಅರ್ಧದಲ್ಲಿರುತ್ತೆ. ತಾಳು.”

ಆ ಕಡೆ ಅರ್ಧದಲ್ಲೂ ಇರಲಿಲ್ಲ. ಮತ್ತೆ ಈ ಕಡೆ. ಮತ್ತೆ ಆ ಕಡೆ. ಕೊನೆಗೆ ಪೆನ್ ಡ್ರೈವ್ ಸಿಕ್ಕಿಸಿದ. ತೆರೆದುಕೊಂಡದ್ದು ಮೂವತ್ತೇಳು ಅಂಕಣ. ಎರಡು ಪ್ರತಿ.

ದೆಲ್ಮೀರಾ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನು ಎದುರು ಕೂಗಾಡಿ ಹಗುರಾಗುತ್ತಿದ್ದನೇನೋ. ಅವಳು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, “ಅಕ್ಷರ ಚೆನ್ನಾಗಿ ಕಾಣ್ತಾ ಇವೆ,” ಎಂದು ಎದ್ದು ಹಿತ್ತಲಿಗೆ ಹೋದಳು. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಹಗ್ಗ ಹಿಡಿದು ಬಹಳ ಹೊತ್ತು ನಿಂತಿದ್ದಳು. ಹಗ್ಗದ ಮೇಲೆ ಬಟ್ಟೆ ಇರಲಿಲ್ಲ.

ಬುಧವಾರ ಬಂದ ವಾಷಿಂಗ್ಟನ್ ಸಂಜೆಯವರೆಗೆ ತಡಕಾಡಿ ತಲೆ ಆಡಿಸಿದ.

“ಒಂದರ ಮೇಲೆ ಒಂದು, ಎರಡು ಬರೆದುಬಿಟ್ಟಿದ್ದೀರಲ್ಲಾ ಭಾವ. ಒಂದೇ ಹಾಕಿದ್ದಿದ್ರೆ ಒಂದಷ್ಟು ಸಿಕ್ತಿತ್ತೇನೋ.”

ಅಟ್ಲಾಸ್ ಆಗಲಿ, ಕಲಾಂಡ್ರಿಯಾ ಆಗಲಿ, ಯಾವುದೋ ಒಂದು! ಮೂರು ತಿಂಗಳು ಅನ್ಸೆಲ್ಮೊ ತೂಗಿದ್ದಕ್ಕಿದ್ದ ತೂಕ ಇಷ್ಟೇ. ಆ ಪಟ್ಟಿಯನ್ನು ಅಳಿಸಿಹಾಕಿದ. ಎರಡೂ ಪ್ರತಿ. ಶನಿವಾರ ಬೆಳಿಗ್ಗೆ ಹೆಂಡತಿಯ ಮುಂದೆ ಬಂದು ನಿಂತ. ಟೋಪಿ ಕೈಯಲ್ಲಿತ್ತು.

“ದೆಲ್ಮೀರಾ, ನೀನು ಹೇಳು, ನಾನು ಬರೀತೀನಿ. ನೆನಪಿದ್ದಷ್ಟು. ಎಷ್ಟು ವರ್ಷ ಆದ್ರೂ ಸರಿ.”

ಅವಳು ಕುರ್ಚಿ ಎಳೆದು ಕೂತಳು. “ಯಾವುದರಲ್ಲಿ ಬರೀತೀಯಾ?”

“ಅದು… ಅಟ್ಲಾಸ್ ಆದ್ರೆ ಒಂದು ಅನುಕೂಲ, ಕಲಾಂಡ್ರಿಯಾ ಆದ್ರೆ…”

“ಯಾವುದರಲ್ಲಿ ‘ಅಳಿಸು’ ಅನ್ನೋ ಗುಂಡಿ ಕಮ್ಮಿ ಇದೆಯೋ ಅದನ್ನ ತೆಗಿ.”

ವಾಷಿಂಗ್ಟನ್ ತನ್ನ ಬಸ್ಸಿನಲ್ಲಿ ಬಾಯಿ ಕಟ್ಟಿಕೊಂಡು ಓಡಾಡುವವನಲ್ಲ. ವಾರದೊಳಗೆ ದಾರಿಯ ಪ್ರತಿ ನಿಲ್ದಾಣಕ್ಕೂ ಸುದ್ದಿ ಮುಟ್ಟಿತು: ದೋನ್ಯಾ ದೆಲ್ಮೀರಾ ಹಿಡಿದೆತ್ತಿದ ಮಕ್ಕಳೆಲ್ಲ ಬನ್ನಿ, ಹೆಸರು ಬರೆಸಿ. ಜನ ಬಂದರು. ಬಡಗಿಗಳು, ಟೀಚರುಗಳು, ಒಬ್ಬ ಪೊಲೀಸ್, ಬೋಳುತಲೆಯ ಅವಳಿ ಸೋದರರು. ಕೆಲವರು ಹುಟ್ಟಿದ ಗಂಟೆ ಹೇಳಿದರು, ಕೆಲವರು ಅಮ್ಮನಿಗೆ ಫೋನ್ ಮಾಡಿ ಕೇಳಿದರು. ಗೊತ್ತಿಲ್ಲದವರ ಮುಖವನ್ನು ದೆಲ್ಮೀರಾ ಎರಡು ಕೈಯಲ್ಲಿ ಹಿಡಿದು ನೋಡಿ, “ನೀನು ಆಲಿಕಲ್ಲು ಬಿದ್ದ ದಿನದವನು,” ಎನ್ನುತ್ತಿದ್ದಳು. ಮಳೆ ಬಂದ ದಿನಗಳಲ್ಲಿ ತೋರ್ತಾ ಫ್ರಿತಾ ಎಂಬ ಮೈದಾ ರೊಟ್ಟಿ ಕರಿದು ಎಲ್ಲರಿಗೂ ಕೊಟ್ಟಳು. ಅನ್ಸೆಲ್ಮೊ ಎರಡು ಬೆರಳಿನಲ್ಲಿ ಕುಟ್ಟಿದ. ಪ್ರತಿ ಸಾಲಿನ ಕೊನೆಗೂ ಕಾಪಿ ಮಾಡಿದ.

ಒಂದು ಮಧ್ಯಾಹ್ನ ಮಾಂಸದಂಗಡಿಯ ನೇಲಿದಾ ಬಂದಳು. ಅನ್ಸೆಲ್ಮೊ ಮೂರು ದಿನ ಮುಚ್ಚಿಸಿದ್ದು ಇವಳ ಅಪ್ಪನ ಅಂಗಡಿಯನ್ನೇ. ಅವನು ಕೀಬೋರ್ಡಿನ ಮೇಲೆ ಕಣ್ಣಿಟ್ಟ.

“ಬರ್ಕೊಳಿ ಸಾಹೇಬ್ರೇ,” ಎಂದಳು, ಎದೆಯುಬ್ಬಿಸಿ. “ನೇಲಿದಾ ಬೆರ್ರುತ್ತಿ. ಆಗಸ್ಟ್ ಒಂಬತ್ತು, ಬೆಳಿಗ್ಗೆ ಆರು. ಮೂರು ಕಿಲೋ ಆರುನೂರು ಗ್ರಾಂ! ನಮ್ಮಪ್ಪ ಸಾಯೋವರೆಗೂ ಇದನ್ನೇ ಹೇಳ್ತಿದ್ದ. ಆ ಖುಷಿಗೆ ಇಡೀ ಬೀದಿಗೆ ಸುಟ್ಟ ಮಾಂಸದ ಊಟ ಹಾಕಿಸಿದ್ನಂತೆ.”

“ಹೌದು ಕಣೇ, ನಾನೂ ತಿಂದಿದ್ದೆ,” ಎಂದು ದೆಲ್ಮೀರಾ ಅವಳ ಕೆನ್ನೆಗೆ ಮುತ್ತಿಟ್ಟು ಕಳಿಸಿದಳು.

ಬಾಗಿಲು ಹಾಕಿಕೊಂಡ ಮೇಲೆ ಸಣ್ಣ ದನಿಯಲ್ಲಿ ಹೇಳಿದಳು: “ಎರಡು ಕಿಲೋ ಆರುನೂರು ಇದ್ಲು ಪಾಪ.”

ಅನ್ಸೆಲ್ಮೊನ ಬೆರಳು ನಿಂತಿತು. “ಏನು?”

“ಒಂದು ಹಿಡಿ ಇತ್ತು ಕೂಸು. ತಾಯಿ ಅಳ್ತಾ ಇದ್ಲು. ಅತ್ತೆ ಮೂಲೇಲಿ ನಿಂತು, ಇದು ಉಳಿಯಲ್ಲ, ಸುಮ್ನೆ ಹಾಲು ದಂಡ ಅಂತ ಗೊಣಗ್ತಾ ಇದ್ಲು. ನಾನು ಮೂರು ಆರುನೂರು ಅಂದೆ. ತಾಯಿ ಕಣ್ಣೊರೆಸ್ಕೊಂಡು ಮಗೂನ ತಗೊಂಡ್ಲು.”

“ಒಂದು ಕಿಲೋ! ಒಂದು ಕಿಲೋ ಮೋಸ! ಅತ್ತೆ ನಂಬಿದ್ಲಾ?”

“ಎಲ್ಲಿ ನಂಬ್ತಾಳೆ, ಮಾಂಸದಂಗಡಿಯವಳು. ಅದಕ್ಕೇ ನಿನ್ನ ಕೇಳ್ದೆ.”

“ನನ್ನನ್ನಾ?”

“ನನ್ನನ್ನ ಬೈಕಲ್ಲಿ ಕರ್ಕೊಂಡು ಬಂದವನು ನೀನೇ ಅಲ್ವಾ? ಬಾಗಿಲಲ್ಲಿ ನಿಂತಿದ್ದೆ, ಹೊಸ ಸಮವಸ್ತ್ರ ಹಾಕ್ಕೊಂಡು. ರಕ್ತ ನೋಡಿದ್ರೆ ತಲೆ ತಿರುಗುತ್ತೆ ಅಂತ ಕಣ್ಣು ಮುಚ್ಕೊಂಡಿದ್ದೆ. ‘ಇನ್ಸ್‌ಪೆಕ್ಟರ್ ಸಾಹೇಬ್ರೇ, ಮೂರು ಆರುನೂರು, ಸರಿ ಇದೆ ತಾನೆ?’ ಅಂದೆ ನಾನು. ‘ಸರಿ ಇದೆ, ಸರಿ ಇದೆ’ ಅಂದ್ಬಿಟ್ಟೆ ನೀನು.”

ಹೊರಗೆ ಇನ್ನೂ ಐದಾರು ಜನ ಕಾಯುತ್ತಿದ್ದರು. ಅನ್ಸೆಲ್ಮೊ ತುಟಿ ಒದ್ದೆ ಮಾಡಿಕೊಂಡ.

“ಇಂಥವು… ಇನ್ನೆಷ್ಟಿವೆ?”

“ಬೈಕಲ್ಲಿ ನನ್ನ ಜೊತೆ ಎಷ್ಟು ಸಲ ಬಂದಿದ್ದೆ ನೀನು?”

“ಒಂದು ಎಪ್ಪತ್ತು ಸಲ ಇರಬಹುದು.”

“ಅಷ್ಟೇ ಇವೆ,” ಎಂದು ದೆಲ್ಮೀರಾ ಮುಂದಿನವರನ್ನು ಒಳಗೆ ಕರೆದಳು.