ರಾಯಚೂರಿಗೆ ಹೋದ ಕಣ್ಣು

ಅನಘಾ, ವಿನು, ನಿಮ್ಮ ಅಜ್ಜಿ ಕಣ್ಣಿನ ಪೊರೆ ತೆಗೆಸಲು ರಾಜ್ಯದ ಗಡಿಯನ್ನೇ ದಾಟಿದ್ದೇಕೆ ಎಂದು ನೀವು ಕೇಳಿದಾಗಲೆಲ್ಲ ಮಾತು ತಪ್ಪಿಸಿದ್ದೇನೆ. ಬರೆಯುವಾಗ ನಿಮ್ಮ ಮುಖ ನೋಡಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅನಘಾ, ಶಾಲೆಯ ನಾಟಕದಲ್ಲಿ ನಿನಗೆ ಅಜ್ಜಿಯ ಪಾತ್ರ ಸಿಕ್ಕಿತ್ತು. ಉಡಲು ನನ್ನದೇ ಇಳಕಲ್ ಸೀರೆ! ನಿನ್ನನ್ನು ಮಂಜು ಮಂಜಾಗಿ ನೋಡಬಾರದೆಂದು, ನಾಟಕಕ್ಕೆ ಮೊದಲೇ ಶಸ್ತ್ರಚಿಕಿತ್ಸೆಗೆ ಹೊರಟೆ. ಆರೋಗ್ಯ ವಿಮೆ ಇತ್ತು. ಆದರೆ ಅದು ನಾವು ಹೈದರಾಬಾದಿಗೆ ಬರುವ ಮೊದಲು, ರಾಯಚೂರಿನಲ್ಲಿದ್ದಾಗ ನಿಮ್ಮಜ್ಜ ಮಾಡಿಸಿದ್ದು.

"ಸಿಕಂದರಾಬಾದಿನ ದವಾಖಾನಿಗೇ ಹೋಗೂಣವ್ವ. ಒಂದು ಮಾತು ಕೇಳಿದ್ರಾತು," ಎಂದಳು ನಿಮ್ಮಮ್ಮ.

"ಕೇಳೋದೇನೈತಿ? ಇಲ್ಲಿಗೆ ಬಂದ ಮ್ಯಾಲೆ ಸ್ಕೂಟರಿನ ನಂಬರು ಬದಲಾತು, ರೇಷನ್ ಕಾರ್ಡು ಬದಲಾತು. ಕರ್ನಾಟಕದ ವಿಮಾ ತೆಲಂಗಾಣದಾಗ ಹೆಂಗ ನಡೀತೈತಿ?"

ನಿಜ ಹೇಳಬೇಕೆಂದರೆ, ಕೌಂಟರಿನಲ್ಲಿ ತೆಲುಗು ಮಾತಾಡಲು ಅಂಜಿಕೆ. ಅಂಜಿಕೆಗೆ ಕಾನೂನಿನ ಸೀರೆ ಉಡಿಸಿದೆ, ಅಷ್ಟೇ!

ರಾಯಚೂರಿನಲ್ಲಿ ಇಳಿದದ್ದು ಮೈದುನ ಶರಣಪ್ಪನ ಮನೆಯಲ್ಲಿ. ಆತ ಎಷ್ಟೋ ವರ್ಷ ವಿಮಾ ಏಜೆಂಟನಾಗಿದ್ದವನು. ಅವನನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. "ಊರಿನ ನೆನಪಾತು, ಬಂದೆ. ಹಂಗೇ ಕಣ್ಣೂ ತೋರಿಸ್ತೀನಿ," ಎಂದೆ. ಅವನ ಹೆಂಡತಿ ಹೋಳಿಗೆ ಮಾಡಿದಳು. ಬೇಡ ಎನ್ನಲು ಸಂಕೋಚ. ಸಂಕೋಚದಿಂದಲೇ ನಾಲ್ಕು ತಿಂದೆ! ಮರುದಿನ ರಕ್ತದಲ್ಲಿ ಸಕ್ಕರೆ ಏರಿತ್ತು. ಡಾಕ್ಟರು ಶಸ್ತ್ರಚಿಕಿತ್ಸೆಯನ್ನು ಮುಂದಿನ ವಾರಕ್ಕೆ ದೂಡಿದರು. ಶಸ್ತ್ರಚಿಕಿತ್ಸೆ ಆದ ಮೇಲೆ, "ಈಗಲೇ ಪ್ರಯಾಣ ಬ್ಯಾಡ್ರಿ," ಎಂದರು. ನಾಟಕ ಮರುದಿನವೇ!

"ಅಳಬ್ಯಾಡ್ರಿ ಅತ್ತಿಗಿ, ಹೊಸಾ ಕಣ್ಣು," ಎಂದ ಶರಣಪ್ಪ. "ಅಷ್ಟು ಅವಸರ ಇತ್ತಂದ್ರ ಅಲ್ಲೇ ಯಾಕ ಮಾಡಿಸ್ಲಿಲ್ಲ?"

ಕಾರಣ ಹೇಳಿದೆ. ಅವನು ತಲೆ ಮೇಲೆ ಕೈ ಹೊತ್ತು ಕುಳಿತ.

"ಮೊದಲ ಒಂದೊಂದು ಕಂಪನಿದು ಒಂದೊಂದು ನಮೂನಿ ಇತ್ತು. ಆಮ್ಯಾಲೆ ಸರ್ಕಾರ ಎಲ್ಲಾ ತನ್ನ ಕೈಯಾಗ ತಗೊಂತು. ಖಾಸಗಿಯವರು ಮತ್ತ ಬಂದಾಗ, ದೇಶಕ್ಕೆಲ್ಲಾ ಒಂದ ಪ್ರಾಧಿಕಾರ ಮಾಡಿದ್ರು. ರಾಜ್ಯ ದಾಟಿದ್ರ ವಿಮಾ ಸಾಯಂಗಿಲ್ಲರಿ! ಆ ಪ್ರಾಧಿಕಾರದ ದೊಡ್ಡ ಆಫೀಸು ಎಲ್ಲೈತಿ ಹೇಳ್ರಿ?"

"ದಿಲ್ಲಿಯಾಗ?"

"ನಿಮ್ಮ ಹೈದರಾಬಾದಿನ್ಯಾಗ!"

ದೇಶದ ವಿಮೆಗಳನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿದವರು ನಾನಿರುವ ಊರಿನಲ್ಲೇ ಕುಳಿತಿದ್ದರು. ಅವರ ಕಾಯ್ದೆಗೆ ಹೆದರಿ ಊರು ಬಿಟ್ಟವಳು ನಾನೊಬ್ಬಳೇ ಇರಬೇಕು!

ನಾಟಕವನ್ನು ಆಮೇಲೆ ಮೊಬೈಲಿನಲ್ಲಿ ನೋಡಿದೆ. ಯಾರು ಏನು ಕೇಳಿದರೂ ಸೆರಗು ಎಳೆದುಕೊಂಡು ತಲೆ ತಗ್ಗಿಸುವ ಅಜ್ಜಿ. ಥೇಟ್ ನಾನೇ! ಜನ ನಗುತ್ತಿದ್ದರು. ಮೊದಲ ಸಾಲಿನಲ್ಲಿ ನೀನು ನನಗೆಂದು ಹಿಡಿದಿಟ್ಟ ಕುರ್ಚಿಯ ಮೇಲೆ ವಿನುವಿನ ನೀರಿನ ಬಾಟಲಿ ಕುಳಿತಿತ್ತು. ಹೊಸ ಕಣ್ಣಿಗೆ ಅದೊಂದು ಬಹಳ ಸ್ಪಷ್ಟವಾಗಿ ಕಂಡಿತು.

ಈಗ ಇನ್ನೊಂದು ಕಣ್ಣಿಗೂ ಪೊರೆ ಬಂದಿದೆ. ಈ ಸಲ ಸಿಕಂದರಾಬಾದಿನಲ್ಲೇ, ಕೌಂಟರಿನಲ್ಲಿ ನಾನೇ ಕೇಳುತ್ತೇನೆ. ನನ್ನ ತೆಲುಗಿಗೆ ನಗುವವರು ನಗಲಿ. ಆದರೂ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಅಂದು ನಾನು ಮತ್ತೆ ನಿಮ್ಮಮ್ಮನ ಬೆನ್ನ ಹಿಂದೆ ಅಡಗಿದರೆ, ಅಲ್ಲೇ ಗಟ್ಟಿಯಾಗಿ ಓದಲು ಬೇಕಾಗುತ್ತವೆ.